‘ಪ್ರಾಯೋಜಿತ’ ಬೇಡ, ‘ಜಾಹೀರಾತು’ ಅಂತಲೇ ಬರೆಸಿ: ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ತೀರ್ಥಹಳ್ಳಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ,
ನವದೆಹಲಿ

ಮಾನ್ಯರೇ,

ನಾನು ತೀರ್ಥಹಳ್ಳಿಯಲ್ಲಿ ಒಂದು ಸಣ್ಣ ಆನ್‌ಲೈನ್ ಸೇವಾ ಅಂಗಡಿ ನಡೆಸುತ್ತೇನೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಮೆಷಿನ್. ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ಪರೀಕ್ಷೆಯ ಹಾಲ್ ಟಿಕೆಟ್, ಪ್ಯಾನ್ ಕಾರ್ಡ್, ಕರೆಂಟ್ ಬಿಲ್. ಬೆಳಿಗ್ಗೆ ಬಾಗಿಲು ತೆಗೆದರೆ ಸಂಜೆ ತನಕ ಇದೇ ಕೆಲಸ. ಮೊದಲೆಲ್ಲ ಜನ ಕಾಗದ ಹಿಡಿದುಕೊಂಡು ಬರುತ್ತಿದ್ದರು. ಈಗ ಫೋನ್ ಹಿಡಿದುಕೊಂಡು ಬರುತ್ತಾರೆ. ‘ನಾನೇ ಮಾಡ್ದೆ, ಎಲ್ಲೋ ತಪ್ಪಾಯ್ತು, ಸ್ವಲ್ಪ ನೋಡಿ’ ಅನ್ನುತ್ತಾರೆ.

ಕಳೆದ ಮಳೆಗಾಲದಲ್ಲಿ ಕವಲೇದುರ್ಗದ ಕಡೆಯ ಒಬ್ಬ ಹೆಂಗಸು ಬಂದಿದ್ದರು. ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆಯುವವರು. ಚೆನ್ನಾಗಿ ಓದಲು, ಬರೆಯಲು ಬರುತ್ತದೆ. ಬ್ಯಾಂಕಿನಲ್ಲಿ ಪ್ಯಾನ್ ಕೇಳಿದ್ದಾರೆ. ಮನೆಯಲ್ಲೇ ಕೂತು ಫೋನಿನಲ್ಲಿ ಹುಡುಕಿ, ಅರ್ಜಿ ತುಂಬಿ, 1,299 ರೂಪಾಯಿ ಕಟ್ಟಿದ್ದಾರೆ. ಹತ್ತು ದಿನವಾದರೂ ಕಾರ್ಡ್ ಇಲ್ಲ, ಮೆಸೇಜ್ ಇಲ್ಲ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿದ್ದರೆ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಇ-ಪ್ಯಾನ್ ಪುಕ್ಕಟೆ ಸಿಗುತ್ತದೆ. ಒಂದು ಒಟಿಪಿ ಹಾಕಿದರೆ ಆಗುವ ಕೆಲಸ. ಅದನ್ನು ಹೇಗೆ ಹೇಳುವುದು ಅಂತ ನನಗೆ ತಿಳಿಯಲಿಲ್ಲ.

ಅವರ ಫೋನಿನಲ್ಲೇ, ಅವರು ಹುಡುಕಿದ ಪದಗಳನ್ನೇ ಹಾಕಿ ಮತ್ತೆ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಅದೇ ವೆಬ್‌ಸೈಟ್. ಅದರ ಮೇಲೆ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಅಂತ ಇತ್ತು. ‘ಇಲ್ಲಿ ಬರೆದಿತ್ತಲ್ಲ, ನೋಡಲಿಲ್ವಾ?’ ಅಂತ ಕೇಳಿದೆ.

‘ನೋಡಿದೆ. ನೋಡಿಯೇ ಒತ್ತಿದ್ದು. ಸರ್ಕಾರದ್ದು ಅಂತ ತಾನೇ ಅದರ ಅರ್ಥ?’ ಅಂದರು.

ನಾನು ಸುಮ್ಮನಾದೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಪದವನ್ನು ಅವರು ಎಲ್ಲಿ ಕೇಳಿರುತ್ತಾರೆ ಹೇಳಿ? ಪಂಚಾಯಿತಿ ಸಭೆಯಲ್ಲಿ, ಸಂಘದ ಮೀಟಿಂಗ್‌ನಲ್ಲಿ, ತಾಲ್ಲೂಕು ಕಚೇರಿಯ ಗೋಡೆಯ ಮೇಲೆ. ‘ಕೇಂದ್ರ ಪ್ರಾಯೋಜಿತ ಯೋಜನೆ’ ಅಂತ. ನಮ್ಮ ಕಡೆ ಆ ಪದಕ್ಕೆ ಬಳಕೆಯಲ್ಲಿರುವ ಅರ್ಥವೇ ಅದು: ಸರ್ಕಾರ ದುಡ್ಡು ಕೊಟ್ಟು ನಡೆಸುವುದು. ಎಚ್ಚರಿಕೆ ಕೊಡಬೇಕಾದ ಪದವೇ ಅವರಿಗೆ ಧೈರ್ಯ ಕೊಟ್ಟಿತ್ತು.

ಅದಾದ ಮೇಲೆ ನಾನು ಅಂಗಡಿಗೆ ಬಂದವರನ್ನೆಲ್ಲ ಕೇಳಲು ಶುರು ಮಾಡಿದೆ. ಪರದೆಯ ಮೇಲೆ ಆ ಪದ ತೋರಿಸಿ, ‘ಇದರ ಅರ್ಥ ಏನು?’ ಅಂತ. ಕೆಲವರು ಸರ್ಕಾರದ್ದು ಅಂದರು. ಒಬ್ಬ ಅಜ್ಜ ಕನ್ನಡಕ ಸರಿ ಮಾಡಿಕೊಂಡು ಅದನ್ನು ‘ಪ್ರಯೋಜನ’ ಅಂತ ಓದಿ, ‘ಉಪಯೋಗಕ್ಕೆ ಬರೋದು’ ಅಂದರು. ಕಾಲೇಜಿಗೆ ಹೋಗುವ ಹುಡುಗರಿಗೆ ಮಾತ್ರ ಗೊತ್ತಿತ್ತು. ‘ಜಾಹೀರಾತು’ ಅಂತ ಕೇಳಿದರೆ ಗೊತ್ತಿಲ್ಲದವರು ಒಬ್ಬರೂ ಸಿಗಲಿಲ್ಲ. ಅಷ್ಟು ಸಲೀಸಾದ ಪದ ನಮ್ಮಲ್ಲಿದೆ. ಕನ್ನಡ ಪತ್ರಿಕೆಗಳಲ್ಲಿ ಸುದ್ದಿಯ ಹಾಗೆ ಕಾಣುವ ಜಾಹೀರಾತು ಬಂದರೆ ಅದರ ತಲೆಯ ಮೇಲೆ ‘ಜಾಹೀರಾತು’ ಅಂತಲೇ ಅಚ್ಚು ಹಾಕುತ್ತಾರೆ. ಓದುಗ ಮೊದಲು ಅದನ್ನು ನೋಡಿ, ಆಮೇಲೆ ಓದಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತಾನೆ.

ನನ್ನ ಅಂಗಡಿಗೆ ಬಂದವರ ಫೋನಿನಲ್ಲಿ ಯಾವ ಕಂಪನಿಯ ಸರ್ಚ್ ಇತ್ತು ಅಂತ ಇಲ್ಲಿ ಬರೆಯುತ್ತಿಲ್ಲ. ಈ ಪತ್ರ ಒಂದು ಕಂಪನಿಯ ಮೇಲಿನ ದೂರಲ್ಲ. ಹುಡುಕಿದಾಗ ಬರುವ ಆ ಪುಟ ಹೇಗಿರಬೇಕು ಅನ್ನುವುದರ ಬಗ್ಗೆ.

ನಾನು ಈ ಕೆಲಸಕ್ಕೆ ಬಂದಾಗ ಆ ಪುಟವನ್ನು ಯಾರಿಗೂ ವಿವರಿಸುವ ಅಗತ್ಯವೇ ಇರಲಿಲ್ಲ. ಎಡಗಡೆ ಹತ್ತು ನೀಲಿ ಸಾಲುಗಳು. ಅವು ಹುಡುಕಿ ಸಿಕ್ಕವು. ಬಲಗಡೆ ಬೇರೆ ಒಂದು ಕಂಬ. ಅಲ್ಲಿರುವವು ದುಡ್ಡು ಕೊಟ್ಟವರದ್ದು. ಮೇಲೆ ಒಂದೆರಡು ಜಾಹೀರಾತು ಬಂದರೂ ಅದರ ಹಿಂದೆ ತೆಳು ಬಣ್ಣ ಇರುತ್ತಿತ್ತು. ಇಂಗ್ಲಿಷ್ ಬಾರದವರೂ ಬಣ್ಣ ನೋಡಿ, ‘ಇದು ಬೇಡ, ಕೆಳಗಿನದು ಒತ್ತಿ’ ಅನ್ನುತ್ತಿದ್ದರು.

ಆ ಬಣ್ಣ ಒಂದೇ ದಿನ ಹೋಗಲಿಲ್ಲ. ಗೂಗಲ್‌ನ ಪುಟವನ್ನೇ ತೆಗೆದುಕೊಳ್ಳಿ, ಅದನ್ನು ನಾವೆಲ್ಲ ಜಾಸ್ತಿ ಬಲ್ಲೆವು. 2000ನೇ ಇಸವಿಯ ಅಕ್ಟೋಬರ್‌ನಲ್ಲಿ ಅವರ ಆಡ್‌ವರ್ಡ್ಸ್ ಜಾಹೀರಾತು ವ್ಯವಸ್ಥೆ ಶುರುವಾಯಿತು. 2007ರಲ್ಲಿ ಫೋಟೋ, ವಿಡಿಯೊ, ಸುದ್ದಿ ಎಲ್ಲ ಅದೇ ಪುಟಕ್ಕೆ ಬಂದು ಸೇರಿದವು. 2012ರಲ್ಲಿ ಪಕ್ಕದಲ್ಲಿ ಮಾಹಿತಿಯ ಚೌಕ ಬಂತು. 2013–14ರ ಹೊತ್ತಿಗೆ ಜಾಹೀರಾತಿನ ಹಿಂದಿನ ಬಣ್ಣ ಹೋಗಿ, ಒಂದು ಪುಟ್ಟ ಹಳದಿ ಚೀಟಿ ಉಳಿಯಿತು. 2016ರ ಫೆಬ್ರವರಿಯಲ್ಲಿ ಕಂಪ್ಯೂಟರ್ ಪರದೆಯ ಬಲಗಡೆಯ ಜಾಹೀರಾತು ಕಂಬವನ್ನು ತೆಗೆದರು. ಮೇಲೆ ನಾಲ್ಕು ಜಾಹೀರಾತು ತನಕ ಬರಲು ಶುರುವಾಯಿತು. ಅದೇ ವರ್ಷ ಹಳದಿ ಚೀಟಿ ಹಸಿರಾಯಿತು. ವೆಬ್‌ಸೈಟ್ ವಿಳಾಸದ ಸಾಲಿಗೂ ಆಗ ಹಸಿರೇ. ಎರಡೂ ಒಂದರೊಳಗೊಂದು ಕರಗಿದವು. 2020ರ ಜನವರಿಯಲ್ಲಿ ಚೀಟಿ ಕಪ್ಪು ಅಕ್ಷರವಾಯಿತು. ಉಳಿದ ಫಲಿತಾಂಶಗಳ ಪಕ್ಕದಲ್ಲಿ ಆಯಾ ಸೈಟಿನ ಪುಟ್ಟ ಗುರುತು ಬರುವ ಜಾಗದಲ್ಲೇ ಅದು ಬಂದು ಕೂತಿತು. ಆಗ ಜನ ಗಟ್ಟಿಯಾಗಿ ಆಕ್ಷೇಪಿಸಿದರು. ಕೆಲವೇ ದಿನಗಳಲ್ಲಿ ಕಂಪನಿ ಆ ವಿನ್ಯಾಸವನ್ನು ಮತ್ತೆ ಪರೀಕ್ಷೆ ಮಾಡುತ್ತೇವೆ ಅಂದಿತು. 2022ರಲ್ಲಿ ‘ಜಾಹೀರಾತು’ ಅನ್ನುವ ಅರ್ಥದ ಸಣ್ಣ ಇಂಗ್ಲಿಷ್ ಪದ ಹೋಗಿ ‘ಸ್ಪಾನ್ಸರ್ಡ್’ ಬಂತು. ಇಂಗ್ಲಿಷ್ ಓದುವವರಿಗೆ ಅದರಿಂದ ದೊಡ್ಡ ವ್ಯತ್ಯಾಸ ಆಗಿರಲಿಕ್ಕಿಲ್ಲ. ಅದನ್ನು ಕನ್ನಡಕ್ಕೆ ತಂದಾಗ ಏನಾಗುತ್ತದೆ ಅಂತ ಮೇಲೆಯೇ ಹೇಳಿದ್ದೇನೆ.

ಇಪ್ಪತ್ತು ವರ್ಷದಲ್ಲಿ ಒಂದೊಂದೇ ಹೆಜ್ಜೆ. ಯಾವ ಹೆಜ್ಜೆಯೂ ದೊಡ್ಡದಲ್ಲ, ಅದಕ್ಕೇ ಯಾರೂ ತಡೆಯಲಿಲ್ಲ.

ನಮ್ಮ ಊರಿನ ಲೆಕ್ಕದಲ್ಲಿ ಹೇಳುತ್ತೇನೆ. ಅಡಿಕೆ ಮಂಡಿಗೆ ಹೋದರೆ ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ ಮಾಡಿ ಬೇರೆ ಬೇರೆ ಗುಡ್ಡೆ ಹಾಕಿರುತ್ತಾರೆ. ಹಸ ಮೇಲಿನ ದರ್ಜೆ, ಗೊರಬಲು ಕೆಳಗಿನದು. ಗೊರಬಲು ಮಾರುವುದು ತಪ್ಪಲ್ಲ. ಅದಕ್ಕೂ ಗಿರಾಕಿ ಇದ್ದಾರೆ, ಅದಕ್ಕೂ ಒಂದು ರೇಟ್ ಇದೆ. ಆದರೆ ಹಸದ ಚೀಲದ ಬಾಯಿಗೆ ಗೊರಬಲು ತುಂಬಿ ಕಟ್ಟಿದರೆ ಅದನ್ನು ವ್ಯಾಪಾರ ಅನ್ನುವುದಿಲ್ಲ. ಜಾಹೀರಾತಿನ ಬಗ್ಗೆಯೂ ನನ್ನ ಮಾತು ಇಷ್ಟೇ. ಬೇರೆ ಗುಡ್ಡೆ ಹಾಕಿ, ಹೆಸರು ಬರೆಯಿರಿ.

ಈಗ ಪರದೆಯ ಅಳತೆಗೆ ಬರುತ್ತೇನೆ. ದೆಹಲಿಯಲ್ಲಿ ದೊಡ್ಡ ಮಾನಿಟರ್ ಮುಂದೆ ಕೂತು ನೋಡಿದರೆ ಈ ತೊಂದರೆ ಕಾಣುವುದಿಲ್ಲ. ನಮ್ಮಲ್ಲಿ ವಯಸ್ಸಾದವರು ಫೋನಿನ ಅಕ್ಷರವನ್ನು ದೊಡ್ಡದು ಮಾಡಿಸಿಕೊಂಡಿರುತ್ತಾರೆ. ಮೊಮ್ಮಕ್ಕಳು ಮಾಡಿಕೊಟ್ಟಿರುತ್ತಾರೆ. ಅಂಥ ಒಂದು ಫೋನನ್ನು ಮೇಜಿನ ಮೇಲಿಟ್ಟು ನಾನು ಸ್ಕೇಲ್ ಹಿಡಿದು ಅಳೆದೆ. ಪರದೆಯ ಎತ್ತರ 15 ಸೆಂಟಿಮೀಟರ್. ಮೇಲಿನ ಎರಡೂವರೆ ಸೆಂಟಿಮೀಟರ್ ಹುಡುಕುವ ಪಟ್ಟಿಗೆ ಹೋಯಿತು. ಉಳಿದದ್ದರಲ್ಲಿ ಒಂದು ಜಾಹೀರಾತು ಪೂರ್ತಿ, ಎರಡನೆಯದು ಅರ್ಧ. ಬೆರಳಲ್ಲಿ ಮೇಲೆ ತಳ್ಳಿದೆ. ಎರಡನೇ ಪರದೆಯಲ್ಲೂ ಜಾಹೀರಾತೇ. ಸರ್ಕಾರಿ ಪೋರ್ಟಲ್‌ನ ಲಿಂಕ್ ಕಂಡಿದ್ದು ಮೂರನೇ ಪರದೆಯಲ್ಲಿ. ‘ಪ್ರಾಯೋಜಿತ’ ಅನ್ನುವ ಪದದ ಎತ್ತರ ಎರಡು ಮಿಲಿಮೀಟರ್. ಕೆಳಗಿನ ಶೀರ್ಷಿಕೆಯ ಅಕ್ಷರ ಅದರ ಎರಡರಷ್ಟು.

ಇದರ ಜೊತೆ ನೆಟ್‌ವರ್ಕ್ ಸೇರಿಸಿ. ಆಗುಂಬೆ ಕಡೆಯ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ಇದ್ದಾಗಲೂ ಅಂಗಳದ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಸಿಗ್ನಲ್. ಪುಟ ಒಂದೇ ಸಲ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಮೊದಲು ಅಕ್ಷರದ ಸಾಲು ಕಾಣುತ್ತದೆ. ಅದನ್ನು ಒತ್ತಲು ಬೆರಳು ಇಡುವಷ್ಟರಲ್ಲಿ ಮೇಲಿಂದ ಒಂದು ಚೌಕ ಬಂದು ಎಲ್ಲವನ್ನೂ ಕೆಳಗೆ ತಳ್ಳುತ್ತದೆ. ಬೆರಳು ಬಿದ್ದಿದ್ದು ಬೇರೆ ಯಾವುದರ ಮೇಲೋ. ಇದು ನಮ್ಮ ಕಡೆ ದಿನನಿತ್ಯದ ಮಾತು. ‘ನಾನು ಅದನ್ನ ಒತ್ತಲಿಲ್ಲ, ಅದೇ ಬಂತು’ ಅಂತ ಜನ ಹೇಳುವಾಗ ನಾನು ಮೊದಲು ನಂಬುತ್ತಿರಲಿಲ್ಲ. ಈಗ ನಂಬುತ್ತೇನೆ. ಪುಟ ಹೀಗೆ ಜಿಗಿಯುವುದನ್ನು ಅಳೆಯಲು ಒಂದು ಲೆಕ್ಕವೇ ಇದೆ. 2020ರಲ್ಲಿ ಗೂಗಲ್ ವೆಬ್‌ಸೈಟ್‌ಗಳ ಗುಣಮಟ್ಟಕ್ಕೆ ಮೂರು ಅಳತೆಗಳನ್ನು ಪ್ರಕಟಿಸಿದಾಗ, ಅದರಲ್ಲಿ ಒಂದು ಇದೇ. ಜಿಗಿತದ ಅಂಕ 0.1 ದಾಟಬಾರದು ಅಂತ ಎಲ್ಲ ವೆಬ್‌ಸೈಟ್‌ನವರಿಗೂ ಹೇಳಿದರು. ಒಳ್ಳೆಯ ಅಳತೆ. ನಿಧಾನದ ನೆಟ್‌ವರ್ಕ್‌ನಲ್ಲಿ ಎಲ್ಲ ಕಂಪನಿಗಳ ಸರ್ಚ್ ಪುಟಗಳನ್ನೂ ಅದೇ ಅಳತೆಗೆ ಹಚ್ಚಿ ನೋಡಲು ನೀವು ಹೇಳಬೇಕು.

ಈಗ ಬಂದಿರುವ ಇನ್ನೊಂದು ಚೌಕದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಕೃತಕ ಬುದ್ಧಿಮತ್ತೆ ಬರೆದುಕೊಡುವ ಉತ್ತರದ ಚೌಕ. ಗೂಗಲ್ ಇದನ್ನು 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲೂ, ಆಗಸ್ಟ್‌ನಲ್ಲಿ ನಮ್ಮ ದೇಶದಲ್ಲೂ ತಂದಿತು. ಬೇರೆ ಕಂಪನಿಗಳೂ ತಂದಿವೆ. ಇದರಿಂದ ಉಪಕಾರ ಆಗಿಲ್ಲ ಅಂತ ಹೇಳಲಾರೆ. ಕೇಳಿದ್ದಕ್ಕೆ ನೇರ ಉತ್ತರ ಸಿಗುತ್ತದೆ. ನನಗೂ ಎಷ್ಟೋ ಸಲ ಸಮಯ ಉಳಿದಿದೆ.

ಆದರೆ ಜೂನ್ ತಿಂಗಳ ಒಂದು ಬೆಳಿಗ್ಗೆ ಏನಾಯಿತು ಕೇಳಿ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ, ಅಂದರೆ ತುತ್ತ–ಸುಣ್ಣದ ದ್ರಾವಣ ಹೊಡೆಯುವ ಸಮಯ. ಹೊಸದಾಗಿ ತೋಟ ನೋಡಿಕೊಳ್ಳಲು ಶುರು ಮಾಡಿದ ಹುಡುಗ ಒಬ್ಬ ಬಂದ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವನು. ಫೋನಿನಲ್ಲಿ ಬಂದ ಉತ್ತರವನ್ನು ಪ್ರಿಂಟ್ ಹಾಕಿಕೊಡಿ ಅಂದ, ಗೋಡೆಗೆ ಅಂಟಿಸಿಕೊಳ್ಳಲು. ಓದಿದೆ. ಮೊದಲ ಸಾಲು ಸರಿಯಾಗಿತ್ತು. ಮುಂದಿನ ಸಾಲಿನಲ್ಲಿದ್ದ ಪ್ರಮಾಣ ಅಡಿಕೆಯದ್ದಲ್ಲ. ಒಳಗೆ ಹೋಗಿ ನೋಡಿದರೆ, ಆ ಸಾಲು ಬಂದಿದ್ದು ದ್ರಾಕ್ಷಿಯ ಬಗ್ಗೆ ಬರೆದ ಒಂದು ಪುಟದಿಂದ. ಎರಡನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಹೇಳಿದ ಹಾಗೆ ಬರೆದಿತ್ತು.

ಮಲೆನಾಡಿನಲ್ಲಿ ಶೇಕಡಾ 1ರ ಬೋರ್ಡೋ ಅಂದರೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು. ಆಮೇಲೆ ಹೊಳಪಿನ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಗೊನೆ ಸುಡುತ್ತದೆ. ಆ ಚೌಕದಲ್ಲಿ ಕತ್ತಿಯ ಮಾತೇ ಇರಲಿಲ್ಲ. ಇರುವಕ್ಕಿಯಲ್ಲಿ ನಮ್ಮದೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಇಲ್ಲಿನ ಮಳೆ, ಇಲ್ಲಿನ ಮಣ್ಣು ನೋಡಿ ಸಲಹೆ ಕೊಡುವವರು ಇದ್ದಾರೆ. ಹುಡುಗನಿಗೆ ಅದೆಲ್ಲ ಗೊತ್ತಿತ್ತು. ಆದರೆ ಉತ್ತರ ಮೇಲೆಯೇ ಸಿಕ್ಕಿದ ಮೇಲೆ ಕೆಳಗೆ ಯಾಕೆ ಹೋಗಬೇಕು? ಯಾರು ಹೇಳಿದ್ದು ಅನ್ನುವುದು ಆ ಚೌಕದಲ್ಲಿ ಒಂದು ಪುಟ್ಟ ಗುರುತಿನ ಹಿಂದೆ ಇತ್ತು. ಅದನ್ನು ಒತ್ತಬೇಕು ಅಂತ ಅವನಿಗೆ ಹೊಳೆದಿರಲಿಲ್ಲ.

ಊರಲ್ಲಿ ಯಾರಾದರೂ ಒಂದು ಮಾತು ಹೇಳಿದರೆ ನಾವು ಮೊದಲು ಕೇಳುವುದೇ ‘ಯಾರು ಹೇಳಿದ್ದು?’ ಅಂತ. ಆ ಪ್ರಶ್ನೆಗೆ ಉತ್ತರ ಮೊದಲ ಸಾಲಲ್ಲೇ ಇರಬೇಕು. ‘ಈ ಸಾಲು ಇಂಥ ಕಡೆಯಿಂದ’ ಅಂತ ಓದುವ ಹಾಗೆ, ಉತ್ತರದಷ್ಟೇ ದೊಡ್ಡ ಅಕ್ಷರದಲ್ಲಿ. ಎರಡು ಕಡೆಯಿಂದ ಬಂದಿದ್ದರೆ ಎರಡು ಸಾಲು ಮಾಡಲಿ.

ಸಾಗರದ ಕಡೆ, ಜೋಗದ ದಾರಿಯಲ್ಲಿ ಹೋಂಸ್ಟೇ ನಡೆಸುವವರ ಕಷ್ಟ ಬೇರೆ. ಅವರದೇ ಹೆಸರು ಹಾಕಿ ಹುಡುಕಿದರೂ ಮೇಲೆ ಬುಕಿಂಗ್ ಚೌಕಗಳು, ಅವರ ಸ್ವಂತ ಪುಟ ಕೆಳಗೆ. ತಮ್ಮ ಮನೆ ಬಾಗಿಲಿಗೆ ಬರುವ ಗಿರಾಕಿಗೂ ಕಮಿಷನ್ ಕಟ್ಟುವ ಹಾಗಾಗಿದೆ. ಇಂಥದ್ದೇ ಒಂದು ವಿಷಯವನ್ನು ನಮ್ಮ ದೇಶದ ಇನ್ನೊಂದು ಸಂಸ್ಥೆ ಆಗಲೇ ನೋಡಿದೆ. 2012ರಲ್ಲಿ ಬಂದ ದೂರುಗಳ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. ವಿಮಾನ ಟಿಕೆಟ್ ಹುಡುಕಿದಾಗ ಕಂಪನಿಯ ತನ್ನದೇ ಚೌಕಕ್ಕೆ ಪುಟದಲ್ಲಿ ಸಿಗುತ್ತಿದ್ದ ಜಾಗ ಅದರಲ್ಲಿ ಒಂದು ಮುಖ್ಯ ವಿಷಯವಾಗಿತ್ತು. ಕಂಪನಿ ಅದರ ವಿರುದ್ಧ ಮೇಲ್ಮನವಿ ಹಾಕಿತು. ಅದು ಏನೇ ಇರಲಿ, ಪುಟದಲ್ಲಿ ಯಾವುದು ಎಲ್ಲಿ ಕೂರುತ್ತದೆ ಅನ್ನುವುದನ್ನು ಸರ್ಕಾರಿ ಸಂಸ್ಥೆ ಪ್ರಶ್ನಿಸಬಹುದು ಅನ್ನುವುದು ಅಲ್ಲೇ ಗೊತ್ತಾಯಿತು.

ಅದು ಕಂಪನಿ ಕಂಪನಿಗಳ ನಡುವಿನ ವಿಷಯ. ಗಿರಾಕಿಯ ವಿಷಯ ನಿಮ್ಮದು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ನಿಮ್ಮ ಪ್ರಾಧಿಕಾರ ಶುರುವಾಯಿತು. 2023ರ ನವೆಂಬರ್ 30ರಂದು ನೀವೇ ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದಿರಿ. ಗ್ರಾಹಕರನ್ನು ದಾರಿ ತಪ್ಪಿಸುವ ಹದಿಮೂರು ವಿನ್ಯಾಸಗಳನ್ನು ಹೆಸರಿಸಿದಿರಿ. ಅದರಲ್ಲಿ ಒಂದು ಮರೆಮಾಚಿದ ಜಾಹೀರಾತು. ಪುಟದ ಉಳಿದ ಭಾಗದೊಳಗೆ ಬೆರೆತು, ಗ್ರಾಹಕ ಗೊತ್ತಿಲ್ಲದೆ ಒತ್ತುವ ಹಾಗೆ ಮಾಡಿದ ಜಾಹೀರಾತು ಅಂತ ಅದರ ಅರ್ಥ. ಆ ವಿವರಣೆ ಓದಿದಾಗ ನನಗೆ ಕವಲೇದುರ್ಗದ ಕಡೆಯ ಆ ಹೆಂಗಸಿನ ಫೋನೇ ಕಣ್ಣ ಮುಂದೆ ಬಂತು.

ಅದಕ್ಕೂ ಮೊದಲು, 2022ರ ಜೂನ್‌ನಲ್ಲಿ, ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ನೀವು ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ಒಳ್ಳೆಯ ಮಾತಿದೆ. ಜಾಹೀರಾತಿನ ಕೆಳಗೆ ಹಾಕುವ ಸ್ಪಷ್ಟೀಕರಣ ಜಾಹೀರಾತಿನ ಭಾಷೆಯಲ್ಲೇ, ಅದೇ ಅಕ್ಷರ ವಿನ್ಯಾಸದಲ್ಲೇ ಇರಬೇಕು ಅಂತ. ಅದೇ ಮಾತನ್ನು ಸರ್ಚ್ ಪುಟದ ಆ ಒಂದು ಪದಕ್ಕೂ ಅನ್ವಯಿಸಿ. ಹೊಸ ಕಾನೂನು ಬೇಡ. ಇರುವುದನ್ನು ಈ ಪುಟದ ತನಕ ತಲುಪಿಸಿ ಸಾಕು.

ಬೇರೆ ದೇಶದವರು ಇದನ್ನು ಹಿಂದೆಯೇ ಯೋಚಿಸಿದ್ದಾರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಸರ್ಚ್ ಕಂಪನಿಗಳಿಗೆ ಪತ್ರ ಬರೆದು, ಜಾಹೀರಾತು ಬೇರೆಯಾಗಿ ಕಾಣಬೇಕು, ಹಿಂದಿನ ಬಣ್ಣ ಕಣ್ಣಿಗೆ ಹೊಡೆಯುವಷ್ಟು ಇರಬೇಕು ಅಂತ ತಿಳಿಸಿತ್ತು. ಗೂಗಲ್ ಕಟ್ಟಿದ ಇಬ್ಬರು 1998ರಲ್ಲಿ, ಇನ್ನೂ ವಿದ್ಯಾರ್ಥಿಗಳಾಗಿದ್ದಾಗ ಬರೆದ ಪ್ರಬಂಧದಲ್ಲೇ ಜಾಹೀರಾತಿನ ದುಡ್ಡಿನಿಂದ ನಡೆಯುವ ಸರ್ಚ್ ಯಂತ್ರ ಜಾಹೀರಾತು ಕೊಡುವವರ ಕಡೆಗೇ ವಾಲುತ್ತದೆ ಅನ್ನುವ ಆತಂಕ ಇದೆ. ಕಂಪನಿಗಳಿಗೆ ಮನಸ್ಸು ಮಾಡಿದರೆ ಬದಲಾಯಿಸಲು ಕಷ್ಟವೂ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಗೂಗಲ್ ಜಾಹೀರಾತುಗಳನ್ನೆಲ್ಲ ಒಂದು ಗುಂಪು ಮಾಡಿ, ಮೇಲೆ ಒಂದೇ ದೊಡ್ಡ ಹೆಸರು ಹಾಕಿ, ಆ ಗುಂಪನ್ನು ಮುಚ್ಚಿಡಲು ಒಂದು ಬಟನ್ ಕೊಡುವುದಾಗಿ ಹೇಳಿತು. ಸರಿಯಾದ ಕಡೆಗೆ ಒಂದು ಹೆಜ್ಜೆ ಅದು. ಆ ದೊಡ್ಡ ಹೆಸರೂ ನಮ್ಮವರಿಗೆ ತಿಳಿಯುವ ಪದದಲ್ಲಿದ್ದರೆ ಮಾತ್ರ ಅದು ತೀರ್ಥಹಳ್ಳಿ ತನಕ ಬರುತ್ತದೆ.

ಹಾಗಾಗಿ ನಾನು ಕೇಳುವುದು ಇಷ್ಟು. ಕನ್ನಡದ ಪರದೆಯಲ್ಲಿ ‘ಜಾಹೀರಾತು’ ಅಂತಲೇ ಬರಲಿ, ಶೀರ್ಷಿಕೆಯಷ್ಟೇ ದೊಡ್ಡ ಅಕ್ಷರದಲ್ಲಿ. ಬೇರೆ ಭಾಷೆಗಳಲ್ಲೂ ಆಯಾ ಊರಿನವರನ್ನು ಕೇಳಿಯೇ ಪದ ಆರಿಸಲಿ. ಹಿಂದಿನ ಬಣ್ಣ ವಾಪಸ್ ಬರಲಿ, ಓದಲು ಬಾರದವರಿಗೂ ಬಣ್ಣ ಕಾಣುತ್ತದೆ. ಅಕ್ಷರ ದೊಡ್ಡದು ಮಾಡಿದ ಸಣ್ಣ ಫೋನಿನಲ್ಲೂ ಮೊದಲ ಪರದೆಯಲ್ಲಿ ದುಡ್ಡು ಕೊಡದೆ ಬಂದ ಒಂದು ಫಲಿತಾಂಶವಾದರೂ ಇರಲಿ. ಪ್ಯಾನ್, ಆಧಾರ್, ಪಾಸ್‌ಪೋರ್ಟ್, ಪಹಣಿಯಂಥ ಸರ್ಕಾರಿ ಸೇವೆ ಹುಡುಕಿದಾಗ ಆ ಇಲಾಖೆಯ ಅಸಲಿ ಪುಟವೇ ಎಲ್ಲಕ್ಕಿಂತ ಮೇಲೆ ಬರಲಿ, ಜಾಹೀರಾತು ಅದರ ಕೆಳಗೆ. ಇದೊಂದನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಉಳಿದದ್ದು ತಡವಾದರೂ ಇದು ತಡವಾಗಬಾರದು. ದಿನಾ ಯಾರಾದರೂ ಒಬ್ಬರು ಇಂಥ ರಸೀದಿ ಹಿಡಿದು ನನ್ನ ಮುಂದೆ ಕೂರುತ್ತಾರೆ.

ಆ ಹೆಂಗಸಿನ ಪರವಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟೆವು. ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿದೆವು. ದುಡ್ಡು ಇನ್ನೂ ಬಂದಿಲ್ಲ. ಇ-ಪ್ಯಾನ್ ಮಾತ್ರ ಅವತ್ತೇ, ನನ್ನ ಅಂಗಡಿಯಲ್ಲೇ ಕೂತು, ಅವರ ಕೈಯಲ್ಲೇ ಒಟಿಪಿ ಹಾಕಿಸಿ ಮಾಡಿಸಿದೆ. ಪ್ರಿಂಟ್ ಕೈಗೆ ಕೊಟ್ಟಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ‘ಇಷ್ಟೇನಾ? ಇದಕ್ಕೆ ದುಡ್ಡೇ ಇಲ್ವಾ?’ ಅಂತ ಎರಡು ಸಲ ಕೇಳಿದರು.

ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ನಂಬರ್ ಅಳಿಸಿ, ಆ ಪುಟದ ಫೋಟೋಗಳನ್ನು ಈ ಪತ್ರದ ಜೊತೆ ಕಳುಹಿಸುತ್ತಿದ್ದೇನೆ. ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದ ಮೂರು ಪರದೆಗಳೂ ಇವೆ. ಅವನ್ನು ಮಾನಿಟರ್ ಮೇಲೆ ದೊಡ್ಡದು ಮಾಡಿ ನೋಡಬೇಡಿ. ಒಂದು ಸಣ್ಣ ಫೋನಿಗೆ ಹಾಕಿಕೊಂಡು, ಕೈ ಚಾಚಿ ಹಿಡಿದು ನೋಡಿ.

ಇಂತಿ ನಿಮ್ಮ ವಿಶ್ವಾಸಿ,
ಆನ್‌ಲೈನ್ ಸೇವಾ ಅಂಗಡಿಯವನು
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ